ಸಾಲಿನಲ್ಲಿ ಸಂದು ಬಿಡದ ಊರು

ಬೆಸಗರಹಳ್ಳಿಯಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ನನ್ನನ್ನು ಬೈದರು ಎಂದೇ ನಾನು ತಿಳಿದಿದ್ದೆ. ಸಾಮಾನು ತುಂಬಿದ ಟೆಂಪೊ ಬಾಡಿಗೆ ಮನೆಯ ಮುಂದೆ ಬಂದು ನಿಂತಿತ್ತು. ಮಗಳು ಅಕ್ಷತಾ ನನ್ನ ಸೆರಗು ಹಿಡಿದುಕೊಂಡಿದ್ದಳು. ಒಳಗಿನಿಂದ ಬಂದ ಮನೆಯೊಡತಿ ಸೊಂಟದ ಮೇಲೆ ಕೈಯಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕವ್ವಾ ಗೂಟ ನೆಟ್ಟಂಗೆ ನಿಂತಿದ್ದೀಯ? ಒಳಿಕ್ ಬಾ. ಉಂಡ್ಯೋ ಇಲ್ವೋ?" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಹಸಿವೆಯ ನೀರು ಎಂದುಕೊಂಡು, ನನ್ನ ತೋಳು ಹಿಡಿದು ಎಳೆದುಕೊಂಡೇ ಹೋಗಿ ಮುದ್ದೆ ಇಕ್ಕಿದರು.

ನಮ್ಮ ಮುಧೋಳದ ಕಡೆ ಸಾಲ ಕೇಳಲು ಬಂದವನಿಗೂ 'ಬರ್ರಿ, ಕುಂಡ್ರಿ' ಎನ್ನುತ್ತೇವೆ. ಜಗಳವಾಡುವಾಗಲೂ ಮಾತಿನ ಬಾಲಕ್ಕೊಂದು 'ರೀ' ಇರುತ್ತದೆ. ಇಲ್ಲಿ 'ರೀ' ಎಂದರೆ ಜನ ಅನುಮಾನದಿಂದ ನೋಡುತ್ತಾರೆ, ಬ್ಯಾಂಕಿನವಳೋ ಜನಗಣತಿಯವಳೋ ಎಂದು. ಒಂದೇ ನಾಡು, ಒಂದೇ ನುಡಿ, ಒಂದೇ ರಾತ್ರಿಯ ಬಸ್ಸು ಎಂದು ಧೈರ್ಯ ಹೇಳಿಕೊಂಡು ಬಂದಿದ್ದೆ. ಆದರೂ ಮೊದಲ ತಿಂಗಳು ಸಾಕಮ್ಮನವರ ಒಂದೊಂದು ಮಾತಿಗೂ ನಾನು ಅರ್ಥ ಹುಡುಕುತ್ತ ಕೂತೆ. ಸಾಕಮ್ಮ ಎಂದರೆ ಅದೇ ಮನೆಯೊಡತಿ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮಗ, ಸೊಸೆ ಮುಂದಿನ ದೊಡ್ಡ ಮನೆಯಲ್ಲಿ ಅವರ ಜೊತೆಗೇ ಇದ್ದಾರೆ. ಹಿಂದಿನ ಎರಡು ಕೋಣೆ ನಮಗೆ, ನಡುವಿನ ಹಿತ್ತಲು ಇಬ್ಬರಿಗೂ.

ನಾವು ಇಲ್ಲಿಗೆ ಬಂದದ್ದು ನನ್ನ ಯಜಮಾನರ ಕೆಲಸದ ಸಲುವಾಗಿ. ಅವರು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್ ನೋಡಿಕೊಳ್ಳುವವರು, ಅಂದರೆ ಕಬ್ಬಿನ ರಸ ಕುದ್ದು ಹರಳಾಗುವ ಹೊತ್ತನ್ನು ಕಣ್ಣಲ್ಲೇ ಹಿಡಿಯುವವರು. ನಮ್ಮ ಕಡೆಯ ಕಾರ್ಖಾನೆಯಲ್ಲಿ ಕಲಿತ ಕೆಲಸಕ್ಕೆ ಮದ್ದೂರಿನ ಕಡೆಯ ಕಾರ್ಖಾನೆಯೊಂದು ಹೆಚ್ಚಿನ ಪಗಾರ ಕೊಟ್ಟು ಕರೆಯಿತು. ಅಲ್ಲೂ ಕಬ್ಬು, ಇಲ್ಲೂ ಕಬ್ಬು. ಅಲ್ಲಿ ಕೆನಾಲ, ಇಲ್ಲಿ ನಾಲೆ. ಏನು ಮಹಾ ಬದಲಾಗುತ್ತದೆ ಎಂದು ಅವರು ಹೇಳಿದ್ದರು. ಗಂಡಸರಿಗೆ ಕುದಿಯುವ ಪಾಕ ಎಲ್ಲಿದ್ದರೂ ಒಂದೇ. ಒಲೆಯ ಮೇಲೆ ಏನಿಡಬೇಕು ಎಂದು ಯೋಚಿಸುವವರಿಗೆ ಮಾತ್ರ ಊರು ಬದಲಾಗುತ್ತದೆ.

ಜೋಳ ಇಲ್ಲಿ ಸಿಗುತ್ತದೆ, ಆದರೆ ಹಕ್ಕಿಗೆ ಹಾಕಲು ಕೇಳುತ್ತಿದ್ದಾಳೆ ಎಂಬಂತೆ ಅಂಗಡಿಯವರು ಒಂದು ಹಿಡಿ ಕಟ್ಟಿಕೊಡುತ್ತಾರೆ. ನನ್ನ ರೊಟ್ಟಿ ಬಡಿಯುವ ಸದ್ದಿಗೆ ಸಾಕಮ್ಮನವರ ಸೊಸೆ ಮೊದಲ ದಿನ ಓಡಿ ಬಂದಿದ್ದಳು, ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು. ಮುದ್ದೆಯನ್ನು ನಾನು ಜಗಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಕೈ ನಿಲ್ಲಿಸಿ ನನ್ನ ದವಡೆಯನ್ನೇ ನೋಡಿದರು. "ಅಗೀಬ್ಯಾಡ ಕಣವ್ವ, ನುಂಗು. ಅದೇನ್ ಕಬ್ಬಾ?" ಎಂದರು ಸಾಕಮ್ಮ. ನುಂಗಲು ಕಲಿತೆ. ಉಪ್ಸಾರು ಮಾಡಲು ಕಲಿತೆ: ಬೇಳೆ ಸೊಪ್ಪು ಬೆಂದ ತಿಳಿಗೆ ಉಪ್ಪು ಹಾಕಿ, ಖಾರವನ್ನು ಬೇರೆಯಾಗಿ ಅರೆದು, ತಟ್ಟೆಯಲ್ಲೇ ಕಲಸಿಕೊಳ್ಳುವ ಸಾರು ಅದು. ಮಗಳು ನನಗಿಂತ ಬೇಗ ಕಲಿತಳು. ವರ್ಷ ತುಂಬುವುದರೊಳಗೆ ಅವಳು ಬಾಗಿಲಲ್ಲಿ ನಿಂತು "ಅಮ್ಮಾ, ಸ್ಕೂಲ್‌ಗೆ ಓಯ್ತೀನಿ" ಎನ್ನತೊಡಗಿದ್ದಳು. ನಾನು ಅವ್ವ ಆಗಿ ಬಂದವಳು ಯಾವಾಗ ಅಮ್ಮ ಆದೆನೋ ಗೊತ್ತೇ ಆಗಲಿಲ್ಲ. ಆ ದಿನ ಅವಳ ಬೆನ್ನು ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ.

ಇಷ್ಟರ ನಡುವೆ ನನ್ನದು ಎಂದು ಇದ್ದದ್ದು ಮೂರು ಗಂಟು ಬೀಜ. ಊರು ಬಿಡುವಾಗ ನಮ್ಮವ್ವ ಹಳೆ ಧೋತರದ ಚೂರಿನಲ್ಲಿ ಕಟ್ಟಿ ಕೊಟ್ಟದ್ದು. ಬಂಗಾರ ಕೊಡುವಷ್ಟು ಅವಳಲ್ಲಿ ಇರಲಿಲ್ಲ. ಇದ್ದದ್ದನ್ನು ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಕೊಟ್ಟಳು. ಒಂದರಲ್ಲಿ ಗೋಲಿಯಂಥ ಸಣ್ಣ ಟಮಾಟಿ, ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ನಮ್ಮ ಮನೆಯ ದೊಡ್ಡದು, ನಾವು ಚಪ್ಪರ ಬದನಿ ಎನ್ನುವ ಹಣ್ಣು. ಹೆಸರು ಬದನಿಯಾದರೂ ಅದು ಟಮಾಟಿಯೇ, ಅಂಗೈ ತುಂಬುವ, ಮಡಿಕೆ ಮಡಿಕೆಯಾಗಿ ಉಬ್ಬಿದ, ತುಸು ಚಪ್ಪಟೆ ಹಣ್ಣು. ನಮ್ಮ ಕಡೆಯವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ಹಣ್ಣಾದರೆ ಕೊಯ್ದು ಉಪ್ಪು ಹಚ್ಚಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ, ಖಡಕ್ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು. ಕಾಯಿದ್ದಾಗ ಶೇಂಗಾ ಹುರಿದು ಹಾಕಿ ಚಟ್ನಿ ಕುಟ್ಟುವುದು. ನಾವು ಈ ಕಡೆ ಬಂದ ಮರುವರ್ಷ ಅವ್ವ ತೀರಿಕೊಂಡಳು. ಅವಳ ಹಿತ್ತಲನ್ನು ಅದೇ ಊರಿನಲ್ಲಿ ಮನೆ ಮಾಡಿದ್ದ ನನ್ನಕ್ಕ ನೀಲವ್ವ ನೋಡಿಕೊಂಡಳು. ಹಾಗಾಗಿ ಬೀಜದ ಚಿಂತೆ ನನಗಿರಲಿಲ್ಲ. ನನ್ನ ಗಂಟು ಬರೀ ನೆನಪಿಗೆ ಇದ್ದ ಗಂಟು.

ಹಿತ್ತಲು ದೊಡ್ಡದೇನಲ್ಲ. ಅರ್ಧ ಸಾಕಮ್ಮನವರ ಸೊಪ್ಪು, ಅವರೆ, ಅವರ ನಾಟಿ ಟಮಾಟೆಗೆ ಹೋದರೆ ನನಗೆ ಉಳಿಯುವುದು ಗೋಡೆಯ ಪಕ್ಕದ ಒಂದೇ ಪಾತಿ. ಮೂರರಲ್ಲಿ ಯಾವುದನ್ನು ಹಾಕಲಿ ಎಂದು ಯೋಚಿಸಿ, ಯಾರ ಮನಸ್ಸನ್ನೂ ನೋಯಿಸದ ಹೆಂಗಸಿನ ಬುದ್ಧಿಯಂತೆ, ಮೂರನ್ನೂ ಸ್ವಲ್ಪ ಸ್ವಲ್ಪ ಹಾಕಿದೆ. ಪರೀಕ್ಷೆಗೆ ಬಂದವರು ಸಾಕಮ್ಮ. ಹಳದಿ ಹಣ್ಣನ್ನು ಬೆಳಕಿಗೆ ಹಿಡಿದು, "ಇದೇನವ್ವಾ, ಕಾಮಾಲೆ ಬಂದಂಗದೆ" ಎಂದರು. ಗೋಲಿ ಹಣ್ಣನ್ನು ನೋಡಿ, "ಇದು ನಮ್ ಬೇಲಿ ತುಂಬಾ ಬಿದ್ದದೆ. ಇದ್ಕೂ ಗಂಟು ಕಟ್ತಾರಾ?" ಎಂದು ನಕ್ಕರು. ದೊಡ್ಡದನ್ನು ಮಾತ್ರ ಕೊಯ್ದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚಪ್ಪರಿಸಿದರು. "ಗಾತ್ರ ಏನೋ ಬದ್ನೆಕಾಯ್ ಇದ್ದಂಗದೆ. ಉಳೀನೇ ಇಲ್ವಲ್ಲವ್ವಾ. ಇದ್ರಲ್ಲಿ ಸಾರ್ ಎಂಗಾಯ್ತದೆ?"

ಇದು ಆ ಹಣ್ಣಿನ ತಪ್ಪಲ್ಲ. ಇಲ್ಲಿನವರಿಗೆ ಟಮಾಟೆ ಎಂದರೆ ಸಾರು, ಸಾರು ಎಂದರೆ ಹುಳಿ. ಸಾಕಮ್ಮನವರ ನಾಟಿ ಟಮಾಟೆಯೂ ಮಡಿಕೆ ಮಡಿಕೆಯಾಗಿಯೇ ಇರುತ್ತದೆ, ನಮ್ಮದರ ತಂಗಿಯಂತೆ, ಆದರೆ ಸಣ್ಣದು, ಸಿಪ್ಪೆ ತೆಳು, ಹುಳಿ ಕಿವಿಗೆ ಹತ್ತುವಷ್ಟು. ಅದರ ಗೊಜ್ಜಿಗೆ ಮುದ್ದೆ ತಾನಾಗಿ ಜಾರುತ್ತದೆ. ಮದ್ದೂರಿನ ಮಾರ್ಕೆಟ್ಟಿನಲ್ಲಿ ರಾಶಿ ಹಾಕುವ ಗಟ್ಟಿ ಹಣ್ಣನ್ನು ಅವರು ಫಾರಂ ಟಮಾಟೆ ಎಂದು ಕರೆದು, ಚೆಂಡಾಡಲು ಮಾತ್ರ ಲಾಯಕ್ಕು ಎನ್ನುತ್ತಾರೆ. ಆ ಮಾತಿಗೆ ನನ್ನ ತಕರಾರಿಲ್ಲ.

ಅಂತೂ ಎರಡನೆಯ ವರ್ಷ ಹಳದಿಯನ್ನೂ ಗೋಲಿಯನ್ನೂ ಬಿಟ್ಟೆ. ಚಪ್ಪರ ಬದನಿಯದೂ ನಾಲ್ಕಾರು ಗಿಡ ಹಾಕಿ, ಅವು ಈ ಕೆಂಪು ಮಣ್ಣಿನಲ್ಲಿ ಮುನಿಸಿಕೊಂಡು ಒಂದೆರಡು ಹಣ್ಣು ಕೊಟ್ಟದ್ದನ್ನು ನೋಡಿ, ಉಳಿದ ಬೀಜವನ್ನು ಗಂಟಿನಲ್ಲೇ ಇಟ್ಟೆ. ಎರೆಮಣ್ಣಿನ ಹೆಣ್ಣು ಅದು, ನನ್ನಂತೆಯೇ ಇಲ್ಲಿಗೆ ಒಗ್ಗಿಕೊಳ್ಳಲು ಸಮಯ ಬೇಕು ಎಂದುಕೊಂಡೆ.

ಆಮೇಲೆ ಒಂದು ಮಳೆಗಾಲ ತವರೂರಿಗೆ ಹೊಳೆ ಬಂತು. ಘಟಪ್ರಭೆಯ ದಂಡೆಯವರಿಗೆ ಹೊಳೆ ಬರುವುದು ಹೊಸತಲ್ಲ. ಈ ಸಲ ಅಕ್ಕನ ಅಡುಗೆಮನೆಯ ನೆಲುವಿನ ತನಕ ನೀರು ನಿಂತಿತ್ತು. ಜನ, ದನ ಉಳಿದರು. ಗಂಜಿ ಕೇಂದ್ರದಿಂದ ಮರಳಿ ಬಂದು ಮನೆ ತೊಳೆದ ಮೇಲೆ ಅಕ್ಕ ಫೋನು ಮಾಡಿದಳು. ಕಾಳುಕಡಿ ಹೋದದ್ದನ್ನು ಹೇಳಿದಳು, ಗೋಡೆ ಬಿರುಕು ಬಿಟ್ಟದ್ದನ್ನು ಹೇಳಿದಳು, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ಕೊನೆಗೆ ದನಿ ಒಡೆಯಿತು. "ಬೀಜದ ಗಡಿಗಿ ಎಲ್ಲಾ ಕೆಸರಾಗಿ ಹ್ವಾದುವ, ಗಿರಿಜಾ. ಅವ್ವನ ಚಪ್ಪರ ಬದನಿದು ಒಂದ ಕಾಳ ಉಳದಿಲ್ಲ. ಓಣ್ಯಾಗೂ ಕೇಳೀನಿ, ಯಾರ ಕಡೆನೂ ಇಲ್ಲ. ನಿನ್ನ ಕಡೆ ಐತೇನ?"

"ಐತಿ ಅಕ್ಕಾ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಈ ಊರಿಗೆ ಬಂದ ಮೇಲೆ ಬೇರೆ ಯಾವ ಮಾತನ್ನೂ ಆಡಿರಲಿಲ್ಲ.

ಗಂಟು ಬಿಚ್ಚಿ ನೋಡಿದೆ. ಬೀಜ ಹಳೆಯದಾಗಿತ್ತು. ಹಳೆ ಬೀಜ ಎಷ್ಟು ಹುಟ್ಟುತ್ತವೆ, ಎಷ್ಟು ಹುಟ್ಟುವುದಿಲ್ಲ ಹೇಳಲಾಗದು. ಅರ್ಧ ಅಕ್ಕನಿಗೆ ಅಂಚೆಯಲ್ಲಿ ಕಳಿಸಲೇ ಎಂದು ಯೋಚಿಸಿದೆ. ಆದರೆ ಅವಳ ಹಿತ್ತಲಲ್ಲಿ ಇನ್ನೂ ಮೊಳಕಾಲುದ್ದ ಕೆಸರು ರಾಡಿ. ಕೊನೆಗೆ ನಾನು ಮಾಡಿದ ತೀರ್ಮಾನ ಇದು: ಈ ವರ್ಷ ನನ್ನ ಪಾತಿಯಲ್ಲಿ ಇನ್ನೇನೂ ಬೇಡ, ಇದ್ದ ಬೀಜವನ್ನೆಲ್ಲ ಹಾಕಿಬಿಡುವುದು, ಎಷ್ಟು ಗಿಡ ಬರುತ್ತವೋ ಬರಲಿ, ಹೊಸ ಬೀಜ ಮಾಡಿ ಅಕ್ಕನಿಗೆ ಕೊಡುವುದು. ಒಂದು ಚಿಟಿಕೆಯಾದರೂ ಗಂಟಿನಲ್ಲಿ ಉಳಿಸಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ನಾನೂ ದಿನಾ ಹೇಳಿಕೊಳ್ಳುತ್ತೇನೆ. ಆದರೆ ಆಗ, ಹಳೆ ಬೀಜ ಗಂಟಿನಲ್ಲೇ ಸಾಯುವುದಕ್ಕಿಂತ ಮಣ್ಣು ನೋಡಲಿ ಎನಿಸಿತ್ತು.

ಮಳೆ ನಿಂತ ಮೇಲೆ ಒಟ್ಲು ಹಾಕಿದೆ. ಒಟ್ಲು ಎಂದರೆ ಸಸಿ ಎಬ್ಬಿಸುವ ಸಣ್ಣ ಮಡಿ. ನಾವು ಅಗಿ ಎನ್ನುವುದನ್ನು ಇವರು ಪೈರು ಎನ್ನುತ್ತಾರೆ. ಬೀಜ ನನ್ನನ್ನು ಪೂರ್ತಿ ಕೈಬಿಡಲಿಲ್ಲ. ಗೋಡೆಯ ಪಕ್ಕದ ಪಾತಿಗೆ ಸಾಕಾಗುವಷ್ಟು ಪೈರು ಎದ್ದವು. ಅದೇ ವಾರ ಸಾಕಮ್ಮನವರೂ ತಮ್ಮ ನಾಟಿ ಟಮಾಟೆಯ ಪೈರು ಕಿತ್ತು ನೆಡುತ್ತಿದ್ದರು. ನಾನು ನಮ್ಮೂರ ಲೆಕ್ಕದಲ್ಲಿ ದೂರ ದೂರ ನೆಟ್ಟದ್ದನ್ನು ಕಂಡು, "ಇದೇನ್ ಗಿಡ ನೆಟ್ಟಿದ್ದೀಯಾ, ಜಾತ್ರೇಲಿ ಮಕ್ಳು ಕಳ್ದೋದಂಗೆ ಅಲ್ಲೊಂದು ಇಲ್ಲೊಂದು?" ಎಂದರು. "ಇರಲಿ ಬಿಡ್ರಿ, ಇವು ಹರಡ್ತಾವ," ಎಂದೆ. "ಇವು ನಮ್ಮೂರ ಬೀಜರಿ," ಎಂದೂ ಹೇಳಿದೆ. ಹೊಳೆ ಬಂದದ್ದು, ಅಕ್ಕನ ಗಡಿಗೆ ಕೆಸರಾದದ್ದು, ಇವಿಷ್ಟೇ ಉಳಿದಿವೆ ಎಂಬುದು, ಅದ್ಯಾವುದನ್ನೂ ಹೇಳಲಿಲ್ಲ. ತವರಿನ ಕಷ್ಟವನ್ನು ಬೇರೆ ಊರಿನಲ್ಲಿ ಬಿಚ್ಚಿಡುವುದು ನಮ್ಮಲ್ಲಿ ವಾಡಿಕೆಯಲ್ಲ.

ಗಿಡ ಬೇರು ಹಿಡಿಯುವ ಹೊತ್ತಿಗೆ ಅಕ್ಕನ ಮಗಳ ಮದುವೆ ಬಂತು. ಯಜಮಾನರಿಗೆ ಕಬ್ಬು ಅರೆಯುವ ಹಂಗಾಮು, ರಜೆ ಇಲ್ಲ. ಊಟಕ್ಕೆ ಅವರು ಸಾಕಮ್ಮನವರ ಮನೆಗೆ, ನೀರಿಗೆ ನನ್ನ ಪಾತಿ ಸಾಕಮ್ಮನವರ ಕೈಗೆ ಎಂದು ಒಪ್ಪಿಸಿ, ಮಗಳನ್ನು ಕರೆದುಕೊಂಡು ಹೊರಟೆ. ಮದುವೆ, ಬೀಗರೂಟ, ಮದುಮಗಳನ್ನು ಕಳಿಸಿ ಕರೆಸುವುದು ಎಂದು ಹೆಚ್ಚೂಕಡಿಮೆ ಮೂರು ವಾರ ನಿಂತೆ. ಅಕ್ಕ ದಿನಾ ಕೇಳುತ್ತಿದ್ದಳು, ಮಗಳ ಸಂಸಾರದ ಬಗ್ಗೆ ಕೇಳುವಂತೆ, "ಅಗಿ ಬೇರ ಹಿಡದಾವೇನ?" ನಾನು, "ಹಿಡದಾವ, ನಮ್ಮ ಸಾಕಮ್ಮಾರು ನೋಡ್ಕೋತಾರ," ಎನ್ನುತ್ತಿದ್ದೆ. ಅಲ್ಲಿ ಆಕಾಶ ತಿಳಿಯಾಗಿತ್ತು. ಇಲ್ಲಿ ಅಕಾಲದ ಮಳೆ ಸುರಿಯುತ್ತಿದೆ ಎಂದು ಯಜಮಾನರು ಒಮ್ಮೆ ಫೋನಿನಲ್ಲಿ ಅಂದರು. ಅಂದದ್ದು ಕಬ್ಬಿನ ಗಾಡಿ ಹೊಲದಲ್ಲಿ ಹೂತುಕೊಂಡದ್ದಕ್ಕೆ. ಹಿತ್ತಲಿನ ನೆನಪು ಅವರಿಗಿರಲಿಲ್ಲ.

ಮರಳಿ ಬಂದಾಗ ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಓಡಿದೆ. ಪಾತಿ ತುಂಬಿ ನಿಂತಿತ್ತು. ಒಂದೂ ಹೋಗಿರಲಿಲ್ಲ. ಅಷ್ಟೇ ಅಲ್ಲ, ನಾನು ಬಿಟ್ಟು ಹೋದಾಗ ಇದ್ದದ್ದಕ್ಕಿಂತ ಒತ್ತಾಗಿ, ಹಸಿರಾಗಿ ಕಂಡವು. ನನ್ನ ಕಣ್ಣೇ ಹಾಗೆ ಕಾಣುತ್ತಿದೆ, ಊರಿಂದ ಬಂದ ಸಂತೋಷ ಎಂದುಕೊಂಡೆ. ಟಮಾಟೆಯ ಎಳೆ ಗಿಡಗಳು ಎಲ್ಲಿಯವಾದರೂ ಒಂದೇ ಥರ. ಸಾಕಮ್ಮನವರ ಕೈ ಹಿಡಿದುಕೊಂಡು, "ನಿಮ್ಮ ಉಪಕಾರ ಹೆಂಗ ತೀರಸಲಿ?" ಎಂದೆ. ಅವರು ಕೈ ಬಿಡಿಸಿಕೊಂಡು, "ಓಗವ್ವಾ ಅತ್ಲಾಗೆ, ಮುಖ ತೊಳ್ಕೊ ಓಗು," ಎಂದು ಬೈದರು. ಆ ಹೊತ್ತಿಗೆ ಅವರ ಬೈಗುಳ ನನಗೆ ಹಿತವಾಗಿ ಕೇಳುತ್ತಿತ್ತು.

ಮೊದಲ ಹಣ್ಣು ಕೆಂಪಾದ ದಿನ ನಾನೊಬ್ಬಳೇ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕೊಯ್ದೆ. ಮಡಿಕೆಗಳಿದ್ದವು, ಚಪ್ಪಟೆಯಾಗಿತ್ತು, ಸಣ್ಣದಾಗಿತ್ತು. ಕೆಂಪು ಮಣ್ಣಿನಲ್ಲಿ ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಉಪ್ಪು, ಶೇಂಗಾ ಹಿಂಡಿ, ಊರಿಂದ ತಂದ ಖಡಕ್ ರೊಟ್ಟಿ. ಒಂದು ತುತ್ತು ಬಾಯಿಗೆ ಹೋದದ್ದೇ ಅವ್ವನ ಹಿತ್ತಲು, ಅವಳ ಕೈಯ ಬೂದಿ, ಎಳ್ಳಮಾವಾಸ್ಯೆಯ ಬುತ್ತಿ ಎಲ್ಲ ಒಟ್ಟಿಗೆ ನುಗ್ಗಿ ಬಂದು ನಾನು ಬಿಕ್ಕಿ ಬಿಕ್ಕಿ ಅತ್ತೆ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಸಾಕಮ್ಮ, "ಯಾಕವ್ವಾ, ಏನಾಯ್ತು?" ಎಂದು ಗಾಬರಿಯಾದರು. "ನಮ್ಮೂರ ಹಣ್ಣರಿ, ನಮ್ಮವ್ವನ ಹಣ್ಣು," ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ, "ಉಣ್ಣವ್ವಾ, ಉಣ್ಣು," ಎಂದು ಬಿಂದಿಗೆಯನ್ನು ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋದರು.

ಸಂಜೆ ಯಜಮಾನರು ತಿಂದು, "ಸ್ವಲ್ಪ ಹುಳಿ ಅನಸ್ತೈತಲ್ಲ," ಎಂದರು. "ನಿಮ್ಮ ನಾಲಗಿ ಈ ಊರಿಂದು ಆಗೈತಿ," ಎಂದು ಅವರ ಬಾಯಿ ಮುಚ್ಚಿಸಿದೆ. ಹಂಗಾಮು ಮುಗಿಯುವವರೆಗೂ ಮನೆಗೆ ಬಂದವರಿಗೆಲ್ಲ ಆ ಹಣ್ಣು ಕೊಟ್ಟೆ. ಮಳವಳ್ಳಿಯಿಂದ ಬಂದಿದ್ದ ಮಗಳ ಟೀಚರಮ್ಮನಿಗೆ ಒಂದು ಚೀಲ ಕಟ್ಟಿಕೊಟ್ಟು, "ಇದು ಉತ್ತರ ಕರ್ನಾಟಕದ್ದು, ಇಲ್ಲಿ ಸಿಗಂಗಿಲ್ಲ," ಎಂದು ಹೇಳಿದೆ. ಒಳ್ಳೆಯ ಹಣ್ಣುಗಳನ್ನು ಬೀಜಕ್ಕೆ ಬಿಟ್ಟು, ಹಿಚುಕಿ, ಬೂದಿಯಲ್ಲಿ ಹೊರಳಿಸಿ, ಯುಗಾದಿಗೆ ಮುಂಚೆ ಅಕ್ಕನಿಗೆ ಕಳಿಸಿದೆ. ಈ ಊರು ಸೇರಿದ ಮೇಲೆ ಮೊದಲ ಸಲ ನಾನೂ ಏನನ್ನೋ ಗೆದ್ದೆ ಎನಿಸಿತು. ಅವ್ವನ ಬೀಜ ಇಲ್ಲಿ ಬದುಕಿತು, ಇನ್ನು ನಾನೂ ಬದುಕುತ್ತೇನೆ ಎಂದು ಧೈರ್ಯ ಬಂತು.

ಅಕ್ಕ ಮುಂಗಾರಿಗೆ ಬೀಜ ಹಾಕಿದಳು. ಹಣ್ಣಾದ ದಿನ ಫೋನು ಬಂತು. ಎತ್ತಿದ ಕೂಡಲೇ ನಾನು, "ಹೆಂಗೈತಿ?" ಎಂದೆ. ಅತ್ತ ಕಡೆಯಿಂದ ಅಕ್ಕ, "ಗಿರಿಜಾ, ಇದು ನಮ್ಮದಲ್ಲ," ಎಂದಳು.

"ನಮ್ಮದಲ್ಲ ಅಂದ್ರ?"

"ಹುಳಿ ಐತಿ, ಕಡಕ ಹುಳಿ. ಸಿಪ್ಪಿ ತೆಳು. ಎರಿ ಹೊಲದಾಗೂ ನಿಂಬಿ ಹಣ್ಣಿನಷ್ಟ ಆಗ್ಯಾವ. ಅವ್ವನ ಹಣ್ಣು ಹಿಂಗಿತ್ತೇನ? ನಿನಗ ನೆನಪಿಲ್ಲೇನ?"

ಕೊನೆಯ ಮಾತು ನನಗೆ ಚೂರಿ ಹಾಕಿದಂತೆ ಆಯಿತು. ನಿನ್ನ ಹೊಲದಲ್ಲಿ ಹೊಳೆಯ ರಾಡಿ ಕೂತಿದೆ, ಅದರದೇ ದೋಷ ಎಂದು ಜಗಳ ತೆಗೆದೆ. ಅವಳು ಜಗಳಕ್ಕೆ ಬರಲಿಲ್ಲ. ಫೋಟೊ ಕಳಿಸಿದಳು. ಅದನ್ನು ಹಿಡಿದುಕೊಂಡು ನ್ಯಾಯ ಕೇಳಲು ಸಾಕಮ್ಮನವರ ಹತ್ತಿರ ಹೋದೆ. ಅವರು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ನಮ್ ನಾಟಿ ಟಮಾಟೆ ಅಲ್ವಾ ಇದು? ಎಷ್ಟ್ ಚೆಂದಾಗ್ ಬಂದದೆ! ಯಾರ್ ಇತ್ಲು?" ಎಂದರು.

"ಇದು ನಮ್ಮಕ್ಕನ ಹಿತ್ತಲದ್ದು. ನಾನ ಕಳಿಸಿದ ಬೀಜ. ಅವ್ವನ ಬೀಜ ಅದ ಕಡೀದರಿ, ಅಕ್ಕನ ಕಡೆದೆಲ್ಲಾ ಹೊಳ್ಯಾಗ ಹ್ವಾದುವು," ಎಂದೆ.

ಅವರು ಅವರೆಕಾಯಿ ಕೆಳಗಿಟ್ಟರು. ಆಮೇಲೆ ಮರೆಮಾಚದೆ ಎಲ್ಲ ಹೇಳಿದರು. "ನೀನ್ ಊರಿಗ್ ಓದೆಯಲ್ಲ, ಆ ವಾರ ಮಳೆ ಉಯ್ತು ನೋಡು, ಪಾತಿ ತುಂಬಾ ನೀರ್ ನಿಂತ್ಕತ್ತು. ನಿಮ್ಮೂರ್ ಪೈರು ಒಂದೂ ಉಳೀನಿಲ್ಲ ಕಣವ್ವ. ಬುಡ ಕೊಳ್ತು ಮಲಿಕ್ಕಂಡ್ವು. ಸಾಲು ಬೋಳಾಗಿತ್ತು. ನಮ್ ಒಟ್ಲಲ್ಲಿ ಪೈರು ಮಿಕ್ಕಿದ್ವು. ತಂದು ಸಂದು ತುಂಬ್ಸ್ದೆ."

ಸಂದು ಎಂದರೆ ಸಾಲಿನಲ್ಲಿ ಗಿಡ ಸತ್ತು ಖಾಲಿ ಬಿದ್ದ ಜಾಗ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ನಮ್ಮ ಎರೆ ಹೊಲದಲ್ಲಿ ಒಂದು ಸಸಿ ಸತ್ತರೆ, ನೆಲ ಉಸಿರಾಡಲಿ ಎಂದು ಬಿಡುತ್ತೇವೆ. ಇದು ನಾಟಿ ಮಾಡುವ ಸೀಮೆ. ಭತ್ತ, ರಾಗಿ, ಕಬ್ಬು ಎಲ್ಲವನ್ನೂ ಇವರು ಸಾಲು ಹಿಡಿದು ನೆಡುತ್ತಾರೆ. ಇವರ ಕಣ್ಣಿಗೆ ಸಂದು ಎಂದರೆ ಎದುರಿಗಿದ್ದವರ ಹಲ್ಲು ಬಿದ್ದಂತೆ. ಪಕ್ಕದ ಗದ್ದೆಯವಳು ಹಾದುಹೋಗುವಾಗ ನಿಮ್ಮ ಸಾಲಿನಲ್ಲಿ ಸಂದು ಕಂಡರೆ, ತನ್ನ ಕೈಯಲ್ಲಿ ಮಿಕ್ಕಿದ ಪೈರನ್ನು ಅಲ್ಲಿ ಊರಿಯೇ ಮುಂದೆ ಹೋಗುತ್ತಾಳೆ. ನಿಮ್ಮನ್ನು ಕೇಳುವುದಿಲ್ಲ. ಮಾಡಿದೆ ಎಂದು ಹೇಳುವುದೂ ಇಲ್ಲ. ಹೇಳಿದರೆ ನಿಮ್ಮ ಬೇಸಾಯದ ಹುಳುಕನ್ನು ಎತ್ತಿ ಆಡಿದ ಹಾಗೆ. ಇದು ಇಲ್ಲಿಯ ಮರ್ಯಾದೆ. ಮಾತಿನಲ್ಲಿ ಕಾಣದೆ ನಾನು ಇಷ್ಟು ವರ್ಷ ಹುಡುಕುತ್ತಿದ್ದ ಮರ್ಯಾದೆ ನನ್ನ ಪಾತಿಯಲ್ಲೇ ಬೇರು ಬಿಟ್ಟು ಕೂತಿತ್ತು.

"ಯಾಕ ಹೇಳಲಿಲ್ರಿ ನನಗ?" ನನ್ನ ದನಿ ಏರಿತ್ತು. ಅವರ ಸೊಸೆ ಬಾಗಿಲಿಗೆ ಬಂದು ನಿಂತಳು.

"ಏಳಾದೇನದೆ? ಸಂದು ತುಂಬ್ಸ್ದೋರು ತಮಟೆ ಒಡ್ಸ್ತಾರಾ? ಅಣ್ಣಾದ್ ಮ್ಯಾಲೆ ನಿಂಗೇ ಗೊತ್ತಾಯ್ತದೆ ಅಂದ್ಕಂಡಿದ್ದೆ." ಅವರು ಮಡಿಲಲ್ಲಿದ್ದ ಸಿಪ್ಪೆ ಕೊಡವಿದರು. "ಆಮೇಲೆ ನೀನು ಅಣ್ ತಿಂದು ಅಂಗ್ ಅತ್ತೆಯಲ್ಲವ್ವಾ. ಅವ್ವನ್ ಅಣ್ಣು ಅಂತ ಅಳೋಳ್ಗೆ, ಅಲ್ಲ ಕಣೇ ಅದು ನಂದು ಅಂತ ಎಂಗೇಳ್ಲಿ? ಟಮಾಟೆ ಬೀಜ ತಾನೇ, ಮುಂದ್ಲೊರ್ಸ ಇನ್ನೊಂದ್ಸಲ ಆಕ್ಕತೀಯ ಬುಡು ಅಂದ್ಕಂಡೆ. ಅದೇ ಕೊನೇದು ಅಂತ ನಂಗೇನ್ ಕನಸ್ ಬಿದ್ದಿತ್ತಾ?"

ಕನಸು ಬಿದ್ದಿರಲಿಲ್ಲ. ಹೇಳಬೇಕಾದವಳು ನಾನು ಹೇಳಿರಲಿಲ್ಲ. ಅವರ ಮರ್ಯಾದೆ ಅವರ ಬಾಯಿ ಕಟ್ಟಿತು, ನಮ್ಮ ಮರ್ಯಾದೆ ನನ್ನ ಬಾಯಿ ಕಟ್ಟಿತು. ನಡುವೆ ಹೋದದ್ದು ಹಣ್ಣು.

ಹಲವು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಅವರೂ ಆಡಲಿಲ್ಲ. ಹಿತ್ತಲಿನಲ್ಲಿ ಎದುರಾದರೆ ಇಬ್ಬರೂ ನಲ್ಲಿಯನ್ನು ನೋಡುತ್ತಿದ್ದೆವು. ಸಿಟ್ಟು ಅವರ ಮೇಲಲ್ಲ ಎಂದು ನನಗೆ ಗೊತ್ತಿತ್ತು. ಗಿಡ ಸತ್ತದ್ದಕ್ಕೆ ದುಃಖವಿತ್ತು. ಆದರೆ ಮಳೆಗೆ ಯಾರು ಏನು ಮಾಡಿಯಾರು? ನನ್ನನ್ನು ತಿನ್ನುತ್ತಿದ್ದದ್ದು ಬೇರೆ. ಅಕ್ಕ ಒಂದೇ ತುತ್ತಿಗೆ ಹಿಡಿದದ್ದನ್ನು ನಾನು ಒಂದು ಹಂಗಾಮು ಪೂರ್ತಿ ತಿಂದೂ ಹಿಡಿಯಲಿಲ್ಲ. ಹುಳಿ ಎಂದ ಗಂಡನ ಬಾಯಿ ಮುಚ್ಚಿಸಿದೆ. ಸಾಕಮ್ಮನವರ ಹಣ್ಣು ತಿಂದು ಅವ್ವನಿಗಾಗಿ ಅತ್ತೆ. ಅವ್ವನ ಹಣ್ಣಿನ ರುಚಿ ನನ್ನ ನಾಲಗೆಯಿಂದ ಯಾವಾಗ ಹೋಯಿತು? ಉಪ್ಸಾರು ಕಲಿತ ವರ್ಷವೇ? ಮುದ್ದೆ ನುಂಗಲು ಕಲಿತ ದಿನವೇ? ಈಗ ಕಣ್ಣು ಮುಚ್ಚಿ ಎಷ್ಟು ನೆನೆದರೂ ಬಾಯಿಗೆ ಬರುವುದು ಇಲ್ಲಿಯ ಹುಳಿಯೇ.

ಆಮೇಲೆ ಹುಡುಕಾಟ ನಡೆಯಿತು. ಮಂಡ್ಯದ ಬೀಜದಂಗಡಿಗಳಿಗೆ ಹೋದೆ. ಒಬ್ಬರು ಹೊಳೆಯುವ ಪೊಟ್ಟಣ ಮುಂದಿಟ್ಟು, "ನಾಟೀನೇ ಬೇಕಾ? ತಕ್ಕಳಿ ಅಕ್ಕಾ, ಇದು ನಾಟಿ ಹೈಬ್ರಿಡ್ಡು," ಎಂದರು. ಅಳುವುದೋ ನಗುವುದೋ ತಿಳಿಯದೆ ಹೊರಗೆ ಬಂದೆ. ಮಳವಳ್ಳಿಯ ಸಂತೆಯಲ್ಲಿ ದೊಡ್ಡ ಮಡಿಕೆಯ ಹಣ್ಣು ಮಾರುತ್ತಿದ್ದ ಅಜ್ಜಿಯೊಬ್ಬರು ಸಿಕ್ಕರು. ಬೆಳಕವಾಡಿಯ ಕಡೆಯವರು. ಕೊಯ್ದು ತಿಂದು ನೋಡಿದೆ. ಚೆನ್ನಾಗಿತ್ತು. ಅವ್ವನದು ಹೌದೋ ಅಲ್ಲವೋ ಹೇಳುವ ನಾಲಗೆ ನನಗಿರಲಿಲ್ಲ. ಅಕ್ಕನಿಗೆ ಕಳಿಸಿ ಕೇಳಿದೆ. ಅಲ್ಲ ಎಂದಳು.

ಮೊದಲು ಮಾತು ತೆಗೆದವರು ಸಾಕಮ್ಮ. ಒಟ್ಲು ಹಾಕುವ ಕಾಲ ಮತ್ತೆ ಬಂದಿತ್ತು. ನನ್ನ ಪಾತಿ ಖಾಲಿ ಬಿದ್ದಿತ್ತು. ಅವರು ಅದರ ಪಕ್ಕದಲ್ಲಿ ನಿಂತು, ಕೈಯಲ್ಲಿ ಬೀಜ ಒತ್ತಿ ಒಣಗಿಸಿಟ್ಟ ಬೆರಣಿ ಹಿಡಿದುಕೊಂಡು, "ಈ ವರ್ಸ ಏನ್ ಆಕ್ತೀಯವ್ವಾ?" ಎಂದರು. ತಾವಾಗಿ ಊರಿಬಿಡಲಿಲ್ಲ. ಅವರು ಯಾರ ಪಾತಿಯ ಮುಂದೆಯೂ ಹೀಗೆ ಕೇಳಿ ನಿಂತದ್ದನ್ನು ನಾನು ನೋಡಿರಲಿಲ್ಲ. ಅವರಿಗೆ ವಯಸ್ಸಾಗಿದೆ ಎಂದು ಅವತ್ತು ಗಮನಿಸಿದೆ.

"ಗೊತ್ತಿಲ್ರಿ," ಎಂದೆ.

"ನಂಗೂ ಒಟ್ಟೆ ಉರೀತದೆ ಕಣವ್ವ," ಎಂದರು. "ತಾಯಿ ಕೊಟ್ಟಿದ್ದು ಅಂತೀಯ. ನಾ ಏನ್ ಮಾಡ್ಲಿ ಏಳು." ನಾವಿಬ್ಬರೂ ಆ ಖಾಲಿ ಮಣ್ಣನ್ನು ನೋಡುತ್ತ ನಿಂತೆವು.

ಆ ಸಂಜೆ ಅಕ್ಕ ಫೋನು ಮಾಡಿದಳು. ಮಗಳು ಗರ್ಭಿಣಿ ಎಂಬ ಸುದ್ದಿ ಹೇಳಿದಳು, ಜೋಳ ಚೆನ್ನಾಗಿದೆ ಎಂದಳು. ಆಮೇಲೆ ಟಮಾಟಿಯ ಮಾತಿಗೆ ಬಂದಳು. ಗಿಡಗಳು ಇನ್ನೂ ಕಾಯಿ ಬಿಡುತ್ತಿವೆಯಂತೆ. ಓಣಿಯವರು ಸಾರಿಗೆ ಒಯ್ಯುತ್ತಿದ್ದಾರಂತೆ.

"ಹಂಗಾರ ಅವ್ವನ ಹಣ್ಣು ಹ್ವಾತು," ಎಂದಳು.

"ಹ್ವಾತು," ಎಂದೆ.

ಇಬ್ಬರೂ ಅತ್ತೆವು. ಫೋನಿನಲ್ಲಿ ಅಳುವುದು ಕಷ್ಟ. ಒಬ್ಬರು ನಿಲ್ಲಿಸಿದರೋ ಇಲ್ಲವೋ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಬಹಳ ಹೊತ್ತಿನ ಮೇಲೆ ಅಕ್ಕ ಮೂಗು ಎಳೆದುಕೊಂಡು, "ಇವುಗಳ ಬೀಜ ಇಡ್ಲೋ ಬ್ಯಾಡೋ? ನೀ ಹೇಳಿದಂಗ ಮಾಡ್ತೀನಿ," ಎಂದಳು.

ಬೇಡ ಎನ್ನಬಹುದಿತ್ತು. ಅವ್ವನ ಪಾತಿ ಖಾಲಿಯೇ ಇರಲಿ ಎನ್ನಬಹುದಿತ್ತು. ನಾನು, "ಇಡು," ಎಂದೆ.

"ಮಂದಿ ಕೇಳ್ತಾರ, ಯಾರ ಮನಿ ಬೀಜ ಅಂತ. ಏನನ್ಲಿ?"

"ಸಾಕಮ್ಮಂದು ಅನ್ನು."

"ಆಕಿ ಯಾರ ನಮಗ?"

ಮನೆಯೊಡತಿ ಎಂದರೆ ಸಾಲದು. ನಮ್ಮಾಕಿ ಎಂದರೆ, ಅವ್ವನ ಜಾಗದಲ್ಲಿ ತನ್ನದನ್ನು ಊರಿದವಳನ್ನೇ ನಮ್ಮವಳು ಎಂದಂತಾಗುತ್ತದೆ. ಹಿಂಬಾಗಿಲಿನಿಂದ ನೋಡಿದೆ. ಸಾಕಮ್ಮ ತಮ್ಮ ಪಾತಿಗೆ ನೀರು ಹಾಕುತ್ತಿದ್ದರು. ನನ್ನದಕ್ಕೂ, ಅದರಲ್ಲಿ ಏನೂ ಇಲ್ಲದಿದ್ದರೂ, ಒಂದು ಚೊಂಬು ಚಿಮುಕಿಸಿದರು.

"ನಮ್ಮಾಕಿನ," ಎಂದೆ. ಹೇಳಿದ ಮೇಲೆ ಎದೆಯಲ್ಲಿ ಏನೋ ಕಿತ್ತಂತೆ ನೋವಾಯಿತು.

ಅಕ್ಕ, "ಆತು, ಇಡ್ತೀನಿ," ಎಂದು ಫೋನಿಟ್ಟಳು.